ಅರ್ಧ ಬಿಟ್ಟ ಗ್ಲಾಸು

ಭಾನುವಾರ ಬೆಳಿಗ್ಗೆ ಹನ್ನೊಂದೂವರೆ. ಗಂಡು ಮೊದಲ ಗ್ಲಾಸು ಎತ್ತಿದ.

ಮೂರು ಮೇಜು ಆಚೆ, ಕಂಬದ ಮರೆಯಲ್ಲಿದ್ದ ಸಿಂಧು ಕತ್ತು ಚಾಚಿದಳು. ದೊಡ್ಡಬಳ್ಳಾಪುರದಾಚೆಯ ಆ ವೈನರಿಯಲ್ಲಿ ಮೊದಲು ದ್ರಾಕ್ಷಿ ತೋಟ ಸುತ್ತಿಸುತ್ತಾರೆ, ನೆಲಮಾಳಿಗೆಯ ಪೀಪಾಯಿ ತೋರಿಸುತ್ತಾರೆ, ಆಮೇಲೆ ಚಪ್ಪರದ ಕೆಳಗೆ ಕೂರಿಸಿ ಐದು ಬಗೆಯ ವೈನಿನ ರುಚಿ ಕೊಡುತ್ತಾರೆ. ಸಿಂಧುಗೆ ರುಚಿ ಬೇಕಿರಲಿಲ್ಲ. ಅವನು ಎಷ್ಟು ಕುಡಿಯುತ್ತಾನೆ ಎಂಬುದು ಗೊತ್ತಾದರೆ ಸಾಕಿತ್ತು.

ಗಂಡಿನ ಹೆಸರು ಮುರಳಿ. ದಾಬಸ್‌ಪೇಟೆಯ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. "ಯಾವ ಚಟಾನೂ ಇಲ್ಲ, ಭಾನುವಾರ ಬಂದ್ರೆ ಊರು ಸುತ್ತೋದು ಒಂದೇ" ಎಂದಿದ್ದಳು ಸಂಬಂಧ ತಂದ ಪಾಪಮ್ಮ. ಅವನ ನಂಬರು ಇದ್ದದ್ದು ಸಿಂಧುವಿನ ಅಮ್ಮ ಗಂಗಲಕ್ಷ್ಮಮ್ಮನ ಫೋನಿನಲ್ಲಿ. ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ, ಸಂಜೆ ಎಲ್ಲೋ ಕುಡಿದ ಕಾಫಿಯ ಫೋಟೊ. ಸ್ಟೇಟಸ್ ಒಂದು ದಿನವೂ ತಪ್ಪುತ್ತಿರಲಿಲ್ಲ. ಶನಿವಾರ ಬಂದದ್ದು ಮಾತ್ರ ಬೇರೆ: 'ನಾಳೆ ಹೊಸ ಜಾಗ. ಬಸ್ಸಲ್ಲಿ ದೊಡ್ಡಬಳ್ಳಾಪುರ, ಅಲ್ಲಿಂದ ವೈನ್ ತೋಟ.' ಓದಿದ ಅಮ್ಮ ಫೋನನ್ನು ಮಗುಚಿ ಇಟ್ಟಳು.

"ಬೇಡ ಅಂದ್ಬಿಡೋಣ ಸಿಂಧು."

"ನೋಡ್ಕೊಂಡ್ ಬರ್ತೀನಿ, ಆಮೇಲೆ ಅನ್ನೋಣ."

"ದೂರದಿಂದ ನೋಡು, ಮಾತಾಡಿಸ್ಬೇಡ. ನೀನ್ ಹ್ಞೂಂ ಅಂದ್ರೆ ಮಾತ್ರ ಮುಂದಿನ ಮಾತು."

ನಿಶ್ಚಯಕ್ಕೆ ಮುಂಚೆ ಗಂಡಿನ ಊರಿಗೆ ಹೋಗಿ, ಟೀ ಅಂಗಡಿಯಲ್ಲೋ ಕಟಿಂಗ್ ಶಾಪಿನಲ್ಲೋ ಕೂತು ಗುಟ್ಟಾಗಿ ವಿಚಾರಿಸಿ ಬರುವುದು ಅವರಲ್ಲಿ ವಾಡಿಕೆ. ಅದು ಸೋದರಮಾವನ ಕೆಲಸ. ಮಾವ ಚಿಕ್ಕವೆಂಕಟಪ್ಪ ಈ ಸಲ ಕೈ ಕೊಡವಿದ್ದ. "ಈ ಸಂಬಂಧಕ್ಕೆ ನನ್ನ ಕರೀಬೇಡಿ, ಊರಲ್ಲಿ ತಲೆ ಎತ್ಕೊಂಡ್ ಓಡಾಡ್ಬೇಕು ನಾನು." ಅವನನ್ನು ಕಳಿಸಿ ಆಗುವುದೂ ಅಷ್ಟರಲ್ಲೇ ಇತ್ತು. ಹಿಂದೆ ಸಿಂಧುವಿನ ಅಪ್ಪನನ್ನು ವಿಚಾರಿಸಲು ಹೋದವನೂ ಅವನೇ. ಕೋಳಿ ಸಾರು ಉಂಡು, ಹೊಲ ನೋಡಿ, "ಚಿನ್ನದಂಥ ಹುಡುಗ" ಎಂದು ಬಂದಿದ್ದ. ಆ ಚಿನ್ನ ಸಂಜೆಯಾದರೆ ಎಲ್ಲಿರುತ್ತದೆ ಎಂದು ಯಾರನ್ನೂ ಕೇಳಿರಲಿಲ್ಲ. ಅಪ್ಪ ಈಗ ಗೋಡೆಯ ಮೇಲೆ, ಪ್ಲಾಸ್ಟಿಕ್ ಹಾರದೊಳಗೆ.

ಹಾಗಾಗಿ ಸಿಂಧು ಚಿಕ್ಕಮ್ಮನ ಮಗಳು ಬಿಂದುಶ್ರೀಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದಿದ್ದಳು. ಮುರಳಿ ತನ್ನ ಬುಲೆಟ್ ಬೈಕು ತಂದಿರಲಿಲ್ಲ. ದೊಡ್ಡಬಳ್ಳಾಪುರ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಆಟೋ ಹತ್ತಿದ್ದ. ಅಲ್ಲೇ ಕಾದಿದ್ದ ಇವರು ಬೆನ್ನು ಬಿದ್ದರು.

"ಸುಮ್ನೆ ಕೂತ್ರೆ ಅನುಮಾನ ಬರುತ್ತೆ ಕಣೇ" ಎಂದು ಬಿಂದುಶ್ರೀ ತನಗೂ ಐದು ಗ್ಲಾಸು ತರಿಸಿದಳು. ಸಿಂಧು ಗಾಡಿ ಓಡಿಸಬೇಕಿತ್ತು, ದ್ರಾಕ್ಷಿ ರಸ ಸಾಕೆಂದಳು. ವೈನರಿಯ ಹುಡುಗಿ ಬಂದು, ಮೊದಲು ಬಣ್ಣ ನೋಡಿ, ಗ್ಲಾಸು ತಿರುಗಿಸಿ, ಮೂಸಿ, ಆಮೇಲೆ ಗುಟುಕರಿಸಿ ಎಂದು ಹೇಳಿಕೊಟ್ಟಳು.

"ಇಷ್ಟೆಲ್ಲಾ ಮಾಡೋ ಹೊತ್ಗೆ ನಮ್ಮೂರಲ್ಲಿ ಕ್ವಾಟ್ರು ಮುಗ್ಸಿ ಜಗಳ ಶುರು ಮಾಡಿರ್ತಾರೆ" ಎಂದಳು ಬಿಂದುಶ್ರೀ.

ಮುರಳಿ ಮೆನು ಕಾರ್ಡನ್ನು ಕೈ ಉದ್ದಕ್ಕೂ ದೂರ ಹಿಡಿದು ಓದಿದ. ತಿಂಡಿ ಬಂದಾಗ ಜೇಬಿನಿಂದ ಮಾತ್ರೆ ತೆಗೆದು ನುಂಗಿದ.

"ರಾತ್ರಿ ಕುಡ್ದಿದ್ದು ಇನ್ನೂ ಇಳ್ದಿಲ್ವೇನೋ" ಎಂದು ಬಿಂದುಶ್ರೀ ಪಿಸುಗುಟ್ಟಿದಳು.

"ಬಾಯ್ಮುಚ್ಚೇ."

"ಕೂದ್ಲು ನೋಡು, ಎಷ್ಟ್ ಕಪ್ಪು! ಅಷ್ಟ್ ಕಪ್ಪು ನಿಂಗೂ ಇಲ್ಲ."

ಮೂರನೇ ಗ್ಲಾಸಿನ ಹೊತ್ತಿಗೆ ಬಿಂದುಶ್ರೀ ಗಂಡನ್ನು ಒಪ್ಪಿಬಿಟ್ಟಿದ್ದಳು. ಸಿಂಧು ಒಪ್ಪಿರಲಿಲ್ಲ. ಮುರಳಿ ಒಂದೊಂದರಲ್ಲೂ ಒಂದೇ ಗುಟುಕು ಕುಡಿದು ಪಕ್ಕಕ್ಕಿಡುತ್ತಿದ್ದ, ನಿಜ. ಆದರೆ ಐದನೆಯದು ಅವನಿಗೆ ಹಿಡಿಸಿತು. ಅದನ್ನೇ ದೊಡ್ಡ ಗ್ಲಾಸಿನಲ್ಲಿ ತರಿಸಿಕೊಂಡ. ಸಿಂಧು ದ್ರಾಕ್ಷಿ ರಸದ ಗ್ಲಾಸನ್ನು ಪಕ್ಕಕ್ಕೆ ತಳ್ಳಿದಳು. ಶುರುವಾಗುವುದು ಹೀಗೇ ಎಂದು ಅವಳಿಗೆ ಗೊತ್ತಿತ್ತು.

ಅವನು ನಿಧಾನವಾಗಿ ಅರ್ಧ ಕುಡಿದ. ತೋಟದ ಕಡೆ ನೋಡುತ್ತ ಕೂತ. ಆಮೇಲೆ ಗ್ಲಾಸನ್ನು ಹಾಗೇ ಬಿಟ್ಟು ಎದ್ದ.

ಸಿಂಧು ಗ್ಲಾಸನ್ನೇ ನೋಡಿದಳು. ಅಪ್ಪ ಗ್ಲಾಸಿನಲ್ಲಿ ಒಂದು ತೊಟ್ಟು ಉಳಿಸಿ ಎದ್ದದ್ದನ್ನೂ ಅವಳು ಕಂಡವಳಲ್ಲ. ನೋಡುತ್ತಲೇ ಇದ್ದುದರಿಂದ ಮುರಳಿ ತಮ್ಮ ಮೇಜಿಗೇ ಬಂದದ್ದು ಗೊತ್ತಾಗಲಿಲ್ಲ.

"ಸಿಂಧು ಅಲ್ವಾ? ನಿಮ್ಮ ತಾಯಿ ಜೊತೆ ಇರೋ ಫೋಟೊ ನೋಡಿದ್ದೆ."

ಬಿಂದುಶ್ರೀ ಕೆಮ್ಮಿದಳು.

"ಆಟೋದವ್ನಿಗೆ ಎರಡು ಸಲ ನಿಧಾನ ಮಾಡಿಸ್ದೆ, ನೀವು ಹಿಂದೆ ಬೀಳ್ಬಾರ್ದು ಅಂತ" ಎಂದ ಮುರಳಿ. "ಇಂಥ ಕಡೆ ಅಪರೂಪಕ್ಕೆ ಬರ್ತೀನಿ. ಬಂದಾಗ ಗಾಡಿ ತರಲ್ಲ. ಮುಚ್ಚಿಟ್ಟು ಮದ್ವೆ ಆಗೋದು ಬೇಡ ಅಂತಾನೇ ಸ್ಟೇಟಸ್ ಹಾಕ್ದೆ. ಮನೇಲಿ ನೋಡಿದ್ದು ನೋಡಿದ್ ಹಾಗೇ ಹೇಳಿ."

"ಹೇಳ್ತೀನಿ" ಎಂದಳು ಸಿಂಧು. ಸಿಕ್ಕಿಬಿದ್ದ ನಾಚಿಕೆಯಲ್ಲಿ ಸ್ಕೂಟರಿನ ಕೀ ಹುಡುಕತೊಡಗಿದಳು.

ಅವನು ಗೇಟು ದಾಟಿದ ಮೇಲೆ ಅಮ್ಮನಿಗೆ ಫೋನ್ ಮಾಡಿದಳು.

"ಕುಡೀತಾರಾ?"

"ಕುಡಿದ್ರು. ಅರ್ಧ ಗ್ಲಾಸ್ ಬಿಟ್ಟು ಎದ್ರು."



"ನಿಜ್ವಾಗ್ಲೂ ಬಿಟ್ರಾ?"

"ಇಲ್ಲೇ ಇದೆ ಅಮ್ಮ, ಮೇಜಿನ್ ಮೇಲೆ. ಬಿಂದು ಕಣ್ಣು ಅದ್ರ ಮೇಲೇ ಇದೆ."

ಅಮ್ಮ ನಕ್ಕಳು. ಆಮೇಲೆ ಮೂಗೊರೆಸಿಕೊಂಡ ಸದ್ದು.

"ಹಂಗಾದ್ರೆ ಹ್ಞೂಂ ಅನ್ಲಾ?"

"ಅನ್ನಮ್ಮಾ."

ಆಷಾಢ ಕಳೆದು ಬಂದ ಮೊದಲ ಮುಹೂರ್ತಕ್ಕೆ ಘಾಟಿಯ ದೇವಸ್ಥಾನದಲ್ಲಿ ಮದುವೆಯಾಯಿತು. ಚಿಕ್ಕವೆಂಕಟಪ್ಪ ಬರಲಿಲ್ಲ. ಐವತ್ತೆರಡರ ಗಂಗಲಕ್ಷ್ಮಮ್ಮನನ್ನು ಐವತ್ತೇಳರ ಮುರಳಿಗೆ ಧಾರೆ ಎರೆದುಕೊಟ್ಟವಳು ಮಗಳು ಸಿಂಧು.