ಕೈಕೊಟ್ಟ ಮೂರು ಅಂಕ

ಅಂಕಪಟ್ಟಿ ತಾಕ್ ಅವರ ಮೇಜಿನ ಮೇಲೆ ಬೀಳುವವರೆಗೂ ತಾಯಿ ಮಗಳ ಜಗಳ ನಿಂತಿರಲಿಲ್ಲ. ಮೆಟ್ಟಿಲು ಹತ್ತುವಾಗಲೂ ನಡೆದೇ ಇತ್ತು.

"ಇನ್ನೊಂದು ವರ್ಷ ಬೇಡಮ್ಮ, ಸಾಕು," ಎಂದಿದ್ದಳು ದಾನ್‌ಬಿ. "ಟಿವಿ ಹಾಕೋ ಹಾಗಿಲ್ಲ, ನೆಂಟರನ್ನ ಕರೆಯೋ ಹಾಗಿಲ್ಲ. ಮನೇಲಿ ಬೆಕ್ಕಿನ ಥರ ಓಡಾಡಿದ್ದಾಯ್ತು."

"ಬರೀ ಮೂರು ಅಂಕ ಕಣೇ," ಎಂದಿದ್ದಳು ಮಿರಾನ್.

ಆ ಮೂರು ಅಂಕಕ್ಕೆ ಫಾರ್ಮಸಿ ಸೀಟು ಕೈತಪ್ಪಿತ್ತು. ಮಿರಾನ್‌ಗೆ ಆ ಸೀಟಿನ ಆಸೆ ಇಂದು ನಿನ್ನೆಯದಲ್ಲ, ದಾನ್‌ಬಿ ಹುಟ್ಟುವುದಕ್ಕೂ ಮುಂಚಿನದು. ಕೊರಿಯಾದ ದೇಗು ನಗರದ ಮಾರುಕಟ್ಟೆಯಲ್ಲಿ ಕಿಮ್ಚಿ ಉಪ್ಪಿನಕಾಯಿ, ಪಲ್ಯ ಮಾರುವ ಅವಳು ಕಾಲೇಜು ಪ್ರವೇಶ ಪರೀಕ್ಷೆಗೆ ನೂರು ದಿನವಿರುವಾಗಿನಿಂದ ಅಂಗಡಿಯನ್ನು ಮಧ್ಯಾಹ್ನಕ್ಕೇ ಮುಚ್ಚುತ್ತಿದ್ದಳು. ಪರೀಕ್ಷೆಯ ಬೆಳಿಗ್ಗೆ ಮನೆಯಲ್ಲಿ ಕಡಲಸೊಪ್ಪಿನ ಸಾರು ಮಾಡಿರಲಿಲ್ಲ. ಜಾರುವ ಸೊಪ್ಪು ತಿಂದರೆ ಅಂಕವೂ ಜಾರುತ್ತದಲ್ಲ. ಶಾಲೆಯ ಗೇಟಿನವರೆಗೆ ಇಬ್ಬರೂ ಕೈ ಹಿಡಿದೇ ಹೋಗಿದ್ದರು. ಆದರೂ ಜಾರಬೇಕಾದದ್ದು ಜಾರಿತು.

ತಾಕ್ ಅವರು ಮತ್ತೆ ಪರೀಕ್ಷೆ ಬರೆಯುವವರ ಕೋಚಿಂಗ್ ಶಾಲೆಯ ಸಲಹೆಗಾರರು. ಅಂಕಿ ಬಿಟ್ಟರೆ ಅವರ ಕಣ್ಣಿಗೆ ಬೇರೇನೂ ಬೀಳುವುದಿಲ್ಲ. ಪಟ್ಟಿಯ ಮೇಲೆ ಹೆಸರಿದ್ದ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡೇ ಓದಿದರು.

"ಗಣಿತ ಒಂದನೇ ದರ್ಜೆ, ಭೇಷ್. ಭಾಷೆ ಎರಡನೇ ದರ್ಜೆ. ನೂರರಲ್ಲಿ ತೊಂಬತ್ತೈದು ಜನರನ್ನ ಹಿಂದೆ ಹಾಕಿದ್ರೂ ಫಾರ್ಮಸಿಗೆ ಸಾಲದು." ದಾನ್‌ಬಿಯ ಕಡೆ ತಿರುಗಿದರು. "ಪತ್ರಿಕೇಲಿ ಕೊನೇ ಗದ್ಯಭಾಗ ಓದೋಕೆ ಟೈಮ್ ಸಾಕಾಗಲಿಲ್ಲ, ಅಲ್ವಾ?"

"ಅಕ್ಷರ ತುಂಬಾ ಸಣ್ಣ," ಎಂದಳು ಮಿರಾನ್ ಥಟ್ಟನೆ.

"ಅಮ್ಮಂದಿರು ಸ್ವಲ್ಪ ಸುಮ್ನಿರಿ. ನಿನ್ನ ವಯಸ್ಸಿಗೆ ಒಂದು ವರ್ಷ ಅಂದ್ರೆ ಏನೂ ಅಲ್ಲ ಕಣಮ್ಮ. ಮನಸ್ಸಿದ್ರೆ ಮೂರಲ್ಲ, ಆರು ಅಂಕ ಏರಿಸಬಹುದು. ಮನೆಯವರ ಬಲವಂತಕ್ಕೆ ಬಂದವರು ಮಾತ್ರ ಏಪ್ರಿಲ್‌ಗೇ ಓಡಿಹೋಗ್ತಾರೆ."

ದಾನ್‌ಬಿ ಏನೋ ಹೇಳಲು ಬಾಯಿ ತೆರೆದಳು. ಮಿರಾನ್ ಮೇಜಿನ ಕೆಳಗೆ ಅವಳ ಕಾಲು ತುಳಿದಳು.

ಮಗಳು ತಾಯಿಯ ಕೈ ನೋಡಿದಳು. ನಡುಬೆರಳಿನ ಬದಿಯಲ್ಲಿ ಚರ್ಮ ಗಂಟು ಕಟ್ಟಿತ್ತು. ಮಿರಾನ್ ಅದನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು. ಅವಳಿಗೆ ನಿಜಕ್ಕೂ ಭಯವಾಗಿತ್ತು. ಇವಳು ಈಗ ಬೇಡವೆಂದರೆ ಇನ್ನೊಮ್ಮೆ ಕೇಳುವ ಧೈರ್ಯ ತನಗೆ ಬಾರದು.

"ಬಲವಂತ ಯಾರದ್ದೂ ಇಲ್ಲ ಸರ್," ಎಂದು ದಾನ್‌ಬಿ ನಿಟ್ಟುಸಿರು ಬಿಟ್ಟಳು. "ಇನ್ನೊಂದು ವರ್ಷ ಬೆಕ್ಕಿನ ಥರ ಓಡಾಡಿದ್ರಾಯ್ತು. ಫಾರಂ ಕೊಡಿ."

ಇಲ್ಲಿ ನಿಯಮ ಎಲ್ಲರಿಗೂ ಒಂದೇ. ಬೆಳಿಗ್ಗೆ ಫೋನ್ ಒಪ್ಪಿಸಬೇಕು, ಕ್ಲಾಸ್ ತಪ್ಪಿಸಿದರೆ ಪೋಷಕರಿಗೆ ಸಂದೇಶ ಹೋಗುತ್ತದೆ. "ಪೋಷಕರು ಇಲ್ಲಿ ಸಹಿ ಮಾಡಿ," ಎಂದು ತಾಕ್ ಪೆನ್ನನ್ನು ಮಿರಾನ್‌ಗೆ ಕೊಟ್ಟರು.

ಮಿರಾನ್ ಅದನ್ನು ಪಕ್ಕಕ್ಕೆ ದಾಟಿಸಿದಳು.

ಪೋಷಕರ ಜಾಗದಲ್ಲಿ ದಾನ್‌ಬಿ ತನ್ನ ಹೆಸರು ಬರೆದು, 'ವಿದ್ಯಾರ್ಥಿಗೆ ಏನಾಗಬೇಕು' ಎಂಬಲ್ಲಿ 'ಮಗಳು' ಎಂದು ತುಂಬಿದಳು.