ವರದಿಯ ಕೆಳಗಿನ ಹೂವು

ಪರದೆಯ ಮೇಲೆ ಮತ್ತೆ ಅದೇ ಹೂವು ಮೂಡಿತು. ಆಸಿಫಾ ಮೌಸನ್ನು ದೂರ ತಳ್ಳಿದಳು.

ಹೊಸ ಕೋಡನ್ನು ಅವಳು ಬೆಳಗ್ಗೆಯಷ್ಟೇ ರೋಣದಿಂದ ಸರ್ವರಿಗೆ ಕಳಿಸಿದ್ದಳು. ಫೈಲುಗಳೆಲ್ಲ ಹೊಸವು. ರೀಸ್ಟಾರ್ಟ್ ಕೂಡ ಮಾಡಿಯಾಗಿತ್ತು. ಆದರೂ ಓಡುತ್ತಿದ್ದುದು ಹಳೆಯದೇ. ಬೆಳವಣಕಿಯ ಬಸುರಿಯ ವರದಿಯಲ್ಲಿ ಹೂವು. ಜಕ್ಕಲಿಯವಳದರಲ್ಲಿ ಹೂವು. ನರಗುಂದದಿಂದ ಬಂದದ್ದರಲ್ಲೂ ಹೂವು.

ಊರಿಗೆ ಬ್ರಾಡ್‌ಬ್ಯಾಂಡ್ ಹೊಸದಾಗಿ ಬಂದಿದ್ದ ಕಾಲ. ರೋಣ, ನರಗುಂದ, ಗಜೇಂದ್ರಗಡ, ಮೂರೂ ಕಡೆ ಗವಿಸಿದ್ದಪ್ಪನ ಸ್ಕ್ಯಾನಿಂಗ್ ಸೆಂಟರುಗಳಿದ್ದವು. ಬಸುರಿಯರ ವರದಿಗಳೆಲ್ಲ ಗಜೇಂದ್ರಗಡದ ಒಂದೇ ಸರ್ವರಿನಿಂದ ಹೊರಡುತ್ತಿದ್ದವು.

"ಹಳೇ ಪ್ರೋಗ್ರಾಮ್ ಕೆಟ್ಟೈತವಾ. ಮಂದಿ ಬಾಗಲಕ್ಕ ಬಂದು ಒದರಾಕತ್ತಾರ. ಹೊಸದು ಬರದು ಕೊಡು. ಗುರುತು ಮಾತ್ರ ಹಳೇವ ಇರಲಿ," ಎಂದು ಗವಿಸಿದ್ದಪ್ಪನೇ, ವರ್ಷಗಳ ಹಿಂದೆ ಬರೆಸಿದ್ದ ಕೋಡಿನ ಸಿ.ಡಿ.ಯನ್ನು ಅವಳ ಕೈಗಿತ್ತಿದ್ದ. ಮಂದಿ ಯಾಕೆ ಒದರುತ್ತಾರೆಂದು ಕೇಳಿದರೆ ಮಾತು ಮರೆಸಿದ.

ಆ ಸಿ.ಡಿ.ಯಲ್ಲಿ ಅವಳಿಗೆ ಸಿಕ್ಕಿದ್ದು ಹೇಸಿಗೆ. ಸ್ಕ್ಯಾನ್ ಮಾಡುವವನು ಗುಟ್ಟಿನ ಒಂದು ಅಕ್ಷರ ಒತ್ತಿದರೆ ಸಾಕು, ಗಂಡುಶಿಶು ಇದ್ದವಳ ವರದಿಯ ಕೆಳಮೂಲೆಯಲ್ಲಿ ಪುಟ್ಟ ಹೂವು ಬೀಳುತ್ತಿತ್ತು. ಹೂವು ಸಿಗದವಳನ್ನು ಮನೆಯವರು ಇನ್ನೊಂದು ದವಾಖಾನೆಗೆ ಎಳೆದೊಯ್ದು ಬಸಿರು ತೆಗೆಸುತ್ತಿದ್ದರು. ಕೋಡಿನ ಮೊದಲ ಸಾಲಿನಲ್ಲೇ ಬರೆದವನ ಹೆಸರಿತ್ತು: ಗೌತಮ. ಈಗ ಸರ್ವರ್ ನೋಡಿಕೊಳ್ಳುತ್ತಿದ್ದವನೂ ಅವನೇ.

ಹೊಸ ಕೋಡಿನಲ್ಲಿ ಆಸಿಫಾ ಹೂವನ್ನು ಕಿತ್ತೆಸೆದಿದ್ದಳು. ದೂರು ಕೊಡುವುದು ಆಮೇಲೆ, ಮೊದಲು ಇದು ನಿಲ್ಲಲಿ. ಗುರುತೇ ಇಲ್ಲದಿದ್ದರೆ ಗುಟ್ಟಾದರೂ ಎಲ್ಲಿಯದು?

ಅವಳು ಗಜೇಂದ್ರಗಡದ ಬಸ್ಸು ಹತ್ತಿದಳು.

ಸರ್ವರ್ ಕೋಣೆಯಲ್ಲಿ ಗೌತಮ ಎದ್ದು ನಿಂತ. "ಬರ್ರಿ ಅಕ್ಕಾರ. ಚಾ ತರಸ್ಲೇನ್ರಿ?"

"ನಿಮ್ಮ ಮುಂದ ಕೂತ್ರ ಚಾ ಇಳಿಯೂದಿಲ್ಲ ನನಗ. ಹಳೇ ಕೋಡ್ ಓಡಸಾಕತ್ತವ್ರು ನೀವ ಹೌದಿಲ್ಲೋ?"

"ಹೌದ್ರಿ." ಅವನು ತಲೆ ತಗ್ಗಿಸಲಿಲ್ಲ. "ಇನ್ನೊಂದಿಷ್ಟು ದಿನ ಇರಲ್ರಿ. ಕೈ ಮುಗೀತೀನಿ."

"ನಾಚಿಕಿ ಬರಂಗಿಲ್ಲೇನ್ರಿ ನಿಮಗ?"

"ಭಾಳ ಬಂದೈತ್ರಿ." ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಈಗ ಹೇಳಾಕ ಬರಂಗಿಲ್ಲ. ಮಾಲಕರು ಹೊರಗ ಅದಾರ."

ಕಳ್ಳರಿಬ್ಬರೂ ಒಂದೇ, ಎಂದುಕೊಂಡಳು. ಅವನನ್ನು ಸರಿಸಿ ಕೀಬೋರ್ಡಿನ ಮುಂದೆ ಕೂತಳು. ಮರ್ಮ ಬೇಗನೇ ಸಿಕ್ಕಿತು. ಅವಳು ಕಳಿಸಿದ ಫೈಲುಗಳು ಒಂದು ಫೋಲ್ಡರಿನಲ್ಲಿ ತೆಪ್ಪಗೆ ಬಿದ್ದಿದ್ದವು. ಸರ್ವರ್ ಮಾತ್ರ ಮರೆಯಲ್ಲಿಟ್ಟ ಇನ್ನೊಂದು ಫೋಲ್ಡರಿನಿಂದ ಓಡುತ್ತಿತ್ತು. ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಅದು ಅಲ್ಲಿಗೇ ಹೋಗಿ ನಿಲ್ಲುವಂತೆ ಗೌತಮ ಕಟ್ಟಿಹಾಕಿದ್ದ.

"ಅಕ್ಕಾರ, ಅಳಿಸಬ್ಯಾಡ್ರಿ. ಒಮ್ಮೆ ಓದಿ ನೋಡ್ರಿ!"

ಆ ಹೊಲಸನ್ನು ಮತ್ತೊಮ್ಮೆ ಓದುವುದೇ? ತೆರೆಯದೆಯೇ ಇಡೀ ಫೋಲ್ಡರನ್ನು ಅಳಿಸಿಹಾಕಿದಳು. ದಾರಿ ಬದಲಿಸಿ ರೀಸ್ಟಾರ್ಟ್ ಒತ್ತಿದಳು. ಸರ್ವರ್ ಈ ಸಲ ಹೊಸ ಕೋಡನ್ನೇ ಎತ್ತಿಕೊಂಡಿತು.

ಹೊರಗೆ ಪ್ರಿಂಟರು ಗುರುಗುಟ್ಟಿತು. ಲಕ್ಕಲಕಟ್ಟಿಯ ದುರ್ಗಾ ಎಂಬ ಬಸುರಿಯ ವರದಿ. ಕೆಳಮೂಲೆ ಸ್ವಚ್ಛ. ಆಸಿಫಾ ಎಷ್ಟೋ ದಿನಗಳ ಮೇಲೆ ಹಗುರವಾಗಿ ಉಸಿರುಬಿಟ್ಟು ಕಿಟಕಿಯಿಂದ ನೋಡಿದಳು.

ದುರ್ಗಾಳ ಅತ್ತೆ ಹೊನ್ನವ್ವ ಹಾಳೆಯನ್ನು ಹಿಂದೆ ಮುಂದೆ ತಿರುವಿದಳು. ಬೆಳಕಿಗೆ ಹಿಡಿದಳು. ಮುಖ ಗಂಟಿಕ್ಕಿದಳು.

"ನಡಿ. ಇಲ್ಲಿಂದ ಹಂಗ ಆ ದವಾಖಾನಿಗೆ ಹೋಗೂಣು," ಎಂದು ಸೊಸೆಯ ರಟ್ಟೆ ಹಿಡಿದಳು. ದುರ್ಗಾ ಸೆರಗನ್ನು ಬಾಯಿಗೊತ್ತಿಕೊಂಡು ಅವಳ ಹಿಂದೆ ನಡೆದಳು.

ಗೌತಮ ಬರಿಗಾಲಲ್ಲೇ ಓಡಿದ. ಅವನು ರಸ್ತೆ ಮುಟ್ಟುವಷ್ಟರಲ್ಲಿ ಅವರ ಟಂಟಂ ಆಟೋ ಹೋಗಿಬಿಟ್ಟಿತ್ತು. ತಿರುಗಿ ಬಂದವನು ಬಾಗಿಲಲ್ಲೇ ಕೂತ.

"ಮುಗೀತಲ್ಲ ನಿಮ್ಮ ಆಟ?" ಎಂದಳು ಆಸಿಫಾ. "ಇನ್ನ ಯಾರಿಗೂ ಹೂವ ಬರಂಗಿಲ್ಲ."

"ಗಂಡಿರಲಿ, ಹೆಣ್ಣಿರಲಿ, ಹೋದ ವರ್ಷದಿಂದ ನಾ ಎಲ್ಲಾರಿಗೂ ಹೂವನ ಕೊಡಾಕತ್ತಿದ್ನಿರಿ, ಅಕ್ಕಾರ."