ಗಾಟ್ಲೀಬ್ ಬಿಟ್ಟ ಮೂರು ಕಣ್ಣು

ಸವರಿದ ದ್ರಾಕ್ಷಿ ಕೊಂಬೆಯ ಮೇಲೆ ಬೆರಳಾಡಿಸಿ ತೊರಾಜಿ ಎಣಿಸಿದ. ಚಿಗುರೊಡೆಯುವ ಕಣ್ಣು ಮೂರಿದ್ದವು. ಪಕ್ಕದ ಗಿಡದಲ್ಲೂ ಮೂರೇ. ಜಪಾನಿನೊಂದಿಗೆ ಯುದ್ಧ ಶುರುವಾದ ಮೇಲೆ ಸರ್ಕಾರ ಲೋಡೈ ಊರಿನ ಜಪಾನಿಯರನ್ನೆಲ್ಲ ಮುಳ್ಳುತಂತಿಯ ಶಿಬಿರಕ್ಕೆ ಸಾಗಿಸಿತ್ತು. ಮೂರು ವರ್ಷ ಅಲ್ಲಿದ್ದು ಇವತ್ತು ಊರಿಗೆ ಮರಳಿದವನು, ತನ್ನ ತೋಟ ಒಣಗಿ ಸೌದೆಯಾಗಿರುತ್ತದೆ ಎಂದುಕೊಂಡೇ ಬಂದಿದ್ದ.

ಆದರೆ ಸಾಲಿನ ಕೊನೆಯಲ್ಲಿ ನೆರೆಯ ಜರ್ಮನ್ ಮುದುಕ ಗಾಟ್ಲೀಬ್ ಕತ್ತರಿ ಹಿಡಿದು ಬಗ್ಗಿದ್ದ. ಕೊಂಬೆಗೆ ಎರಡೇ ಕಣ್ಣು ಬಿಡಬೇಕು, ಮೂರು ಬಿಟ್ಟರೆ ವೈನು ನೀರಾಗುತ್ತದೆ ಎಂದು ಇಪ್ಪತ್ತು ವರ್ಷ ಬೇಲಿಯಾಚೆಯಿಂದ, ಮೂರು ಬಿಡುತ್ತಿದ್ದ ತೊರಾಜಿಯನ್ನು ಹಂಗಿಸಿದವನು ಇವನೇ.

"ಮೂರು ಬಿಟ್ಟಿದೀಯಲ್ಲೋ," ಎಂದ ತೊರಾಜಿ.

ಗಾಟ್ಲೀಬ್ ತಲೆ ಎತ್ತಲಿಲ್ಲ. "ತೋಟ ನಿಂದಲ್ವೇನೋ. ನಾನೇನ್ ಇಷ್ಟಪಟ್ಟು ಬಿಟ್ಟಿಲ್ಲ. ಮೂರು ಚಳಿಗಾಲ ಒಂದೊಂದ್ ಗಿಡಕ್ಕೂ ನಿನ್ನ ಬೈಕೊಂಡೇ ಕತ್ತರಿ ಹಾಕಿದೀನಿ."

ತೊರಾಜಿ ಮುದುಕನ ಕೈಯಿಂದ ಕತ್ತರಿ ತೆಗೆದುಕೊಂಡು ಮುಂದಿನ ಗಿಡದ ಬುಡದಲ್ಲಿ ಮಂಡಿಯೂರಿದ. ಒಂದು ಕೊಂಬೆ ಹಿಡಿದು, ನಿಧಾನವಾಗಿ ಎಣಿಸಿ, ಎರಡೇ ಕಣ್ಣು ಬಿಟ್ಟು ಕತ್ತರಿಸಿದ.